ಎರಡು ಕಳೆದು ಹೇಳುವ ಮೇಷ್ಟ್ರು

ಲೆಕ್ಕದ ಮೇಷ್ಟ್ರಿಗೂ ಒಂದು ಹೆಸರಿತ್ತು, ಆದರೆ ಸಂಬಳದ ಹಾಳೆಯಲ್ಲಿ ಬಿಟ್ಟರೆ ಬೇರೆಲ್ಲೂ ಯಾರೂ ಅದನ್ನು ಬಳಸುತ್ತಿರಲಿಲ್ಲ. ಶಾಲೆಗೆಲ್ಲ ಅವರು ‘ಹತ್ತಕ್ಕೆಷ್ಟು ಮೇಷ್ಟ್ರು’. ಕೊನೆಯ ವರ್ಷದ ಫಲಿತಾಂಶ ಬಂತೆಂದರೆ ಸಾಕು, ಅಂಕಪಟ್ಟಿ ಹಿಡಿದ ಮಕ್ಕಳು, ಅವರ ಬೆನ್ನಿಗೆ ಅಪ್ಪ ಅಮ್ಮಂದಿರು, ಎಲ್ಲರೂ ಶಿಕ್ಷಕರ ಕೋಣೆಯ ಕಿಟಕಿ ಪಕ್ಕದ ಅವರ ಮೇಜಿನ ಮುಂದೆ ಸಾಲು ನಿಲ್ಲುತ್ತಿದ್ದರು. ಕೇಳುವುದು ಒಂದೇ ಮಾತು: “ದೊಡ್ಡ ಕಾಲೇಜಲ್ಲಿ ಸೀಟು ಸಿಗುತ್ತಾ ಸಾರ್? ಹತ್ತಕ್ಕೆ ಎಷ್ಟು?”

ಕೇಳದೆ ಇನ್ನೇನು ಮಾಡಿಯಾರು? ಆ ಕಾಲೇಜಿನ ಗತ್ತೇ ಗತ್ತು. ಇರುವುದು ಅರವತ್ತು ಸೀಟು, ಬರುವುದು ಮೂರು ಸಾವಿರ ಅರ್ಜಿ. ಅರ್ಜಿಯ ಜೊತೆ ಅಸಲು ಅಂಕಪಟ್ಟಿಯನ್ನೇ ಇಡಬೇಕು, ನಕಲು ನಡೆಯದು. ಸೀಟು ಸಿಗದೆ ಅಂಕಪಟ್ಟಿ ವಾಪಸ್ಸು ಬರುವ ಹೊತ್ತಿಗೆ ಬೇರೆ ಕಾಲೇಜುಗಳ ಬಾಗಿಲು ಮುಚ್ಚಿರುತ್ತದೆ. ಹೋಗಲಿ, ಮುಂದಿನ ವರ್ಷ ನೋಡೋಣ ಎಂದರೆ ಅದೂ ಇಲ್ಲ; ಆಯಾ ವರ್ಷ ಪಾಸಾದವರಿಗೆ ಮಾತ್ರ ಅಲ್ಲಿ ಪ್ರವೇಶ.

ಮೇಷ್ಟ್ರ ವಿದ್ಯೆಯಲ್ಲಿ ಮಾಟ ಮಂತ್ರ ಏನೂ ಇರಲಿಲ್ಲ. ನೀಲಿ ರಟ್ಟಿನ ಒಂದು ನೋಟ್‌ಬುಕ್, ಅಷ್ಟೇ. ಪ್ರತಿ ವರ್ಷ ಆಯ್ಕೆಪಟ್ಟಿ ಹಾಕಿದ ದಿನ ಬಸ್ಸು ಹತ್ತಿ ಹೋಗಿ, ಕಟ್ಟಕಡೆಯ ಸೀಟು ಎಷ್ಟು ಅಂಕಕ್ಕೆ ಹೋಯಿತೆಂದು ಬರೆದುಕೊಂಡು ಬರುತ್ತಿದ್ದರು. ನಿಮ್ಮ ಅಂಕ ಹೇಳಿದರೆ, ಹಿಂದಿನ ಹತ್ತು ವರ್ಷಗಳಲ್ಲಿ ಎಷ್ಟು ವರ್ಷ ಅದಕ್ಕೆ ಸೀಟು ಸಿಗುತ್ತಿತ್ತು ಎಂದು ಬೆರಳಿಟ್ಟು ಎಣಿಸುತ್ತಿದ್ದರು. ಆಮೇಲೆ ಅದರಲ್ಲಿ ಎರಡು ಕಳೆದು ಹೇಳುತ್ತಿದ್ದರು.

ಈ ಎರಡು ಕಳೆಯುವ ಚಾಳಿಗೂ ಒಂದು ಕಾರಣವಿತ್ತು. ಬಹಳ ಹಿಂದೆ ದರ್ಜಿಯೊಬ್ಬನ ಮಗನಿಗೆ ಇದ್ದದ್ದನ್ನು ಇದ್ದ ಹಾಗೇ “ಒಂಬತ್ತು” ಎಂದುಬಿಟ್ಟಿದ್ದರು. ಆ ಹುಡುಗನಿಗೆ ಒಂದೇ ಒಂದು ಅಂಕದಲ್ಲಿ ತಪ್ಪಿತು, ವರ್ಷ ಮಣ್ಣುಪಾಲಾಯಿತು. ಅವನ ತಾಯಿ ಬಂದು ಬೈಯಲಿಲ್ಲ, ಶಾಪ ಹಾಕಲಿಲ್ಲ. “ನೀವು ಒಂಬತ್ತು ಅಂದಿದ್ರಿ ಮೇಷ್ಟ್ರೇ” ಎಂದಷ್ಟೇ ಹೇಳಿ ಹೋದಳು. ಬೈದಿದ್ದರೇ ವಾಸಿಯಿತ್ತು.

ಮಕ್ಕಳೇನು ಕಮ್ಮಿಯೇ? ಮೇಷ್ಟ್ರು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರುವವರು. ಹೊರಗೆ ಬಂದವರೇ ಎರಡು ಸೇರಿಸಿಕೊಳ್ಳುತ್ತಿದ್ದರು. ಶಾಲೆಯ ಜವಾನನಂತೂ ಬಾಗಿಲಲ್ಲೇ ನಿಂತು ಪಾಠ ಹೇಳುತ್ತಿದ್ದ: “ನಾಲ್ಕು ಅಂದ್ರೆ ಆರು ಅಂತ ತಿಳ್ಕೊಳ್ಳಿ. ಎಂಟು ಅಂದ್ರೆ ಹೋಗಿ ಗಂಟುಮೂಟೆ ಕಟ್ಟಿ. ಹತ್ತು ಅನ್ನೋ ಮಾತು ಈ ಜನ್ಮದಲ್ಲಿ ಅವ್ರ ಬಾಯಲ್ಲಿ ಬರಲ್ಲ ಬಿಡಿ!” ಇದು ಮೇಷ್ಟ್ರಿಗೂ ಗೊತ್ತಿತ್ತು. ಇವರು ಕಳೆಯುತ್ತಿದ್ದರು, ಅವರು ಸೇರಿಸಿಕೊಳ್ಳುತ್ತಿದ್ದರು, ಲೆಕ್ಕ ಸರಿಹೋಗುತ್ತಿತ್ತು.

ಆ ವರ್ಷ ಅವರ ಮಗಳದೇ ಸರದಿ. ಒಬ್ಬಳೇ ಮಗಳು, ಮನೆಯಲ್ಲಿ ಪುಟ್ಟಿ. ಪುಟ್ಟಿಗೆ ಕಲ್ಲಿನ ಹುಚ್ಚು. ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಹೊತ್ತು ತಂದು, ತೊಳೆದು, ಎಲ್ಲಿ ಸಿಕ್ಕಿತೆಂದು ಚೀಟಿ ಅಂಟಿಸಿ, ಕಿಟಕಿ ಕಟ್ಟೆಯ ಮೇಲೆ ಸಾಲಾಗಿ ಜೋಡಿಸುತ್ತಿದ್ದಳು. “ಇವಳನ್ನ ಗಂಡನ ಮನೆಗೆ ಕಳಿಸೋವಾಗ ಲಾರಿ ಬೇಕಾಗುತ್ತೆ” ಎಂದು ಅವಳಮ್ಮ ಗೊಣಗುತ್ತಿದ್ದರು. ಭೂವಿಜ್ಞಾನ ಕಲಿಸುವುದು ದೊಡ್ಡ ಕಾಲೇಜಿನಲ್ಲಿ ಮಾತ್ರ. ಅಲ್ಲಿ ಸೀಟು ಸಿಕ್ಕರೆ ಕಲ್ಲು. ಇಲ್ಲದಿದ್ದರೆ ಬೀದಿ ಕೊನೆಯ ಕಾಲೇಜಿನಲ್ಲಿ ವಾಣಿಜ್ಯ.

ಆರುನೂರಕ್ಕೆ ಐನೂರ ಎಪ್ಪತ್ತೊಂದು ಬಂತು. ಪುಟ್ಟಿ ಮನೆಯಲ್ಲೇ ಕೇಳಬಹುದಿತ್ತು. ಕೇಳಲಿಲ್ಲ. ಎಲ್ಲರ ಹಾಗೆ ಸಾಲಿನಲ್ಲಿ ನಿಂತು, ಸರದಿ ಬಂದಾಗ ನಗು ತಡೆದುಕೊಂಡು, “ಹತ್ತಕ್ಕೆ ಎಷ್ಟು ಸಾರ್?” ಎಂದಳು.

ಮೇಷ್ಟ್ರು ಎಣಿಸಿದರು. ಆರು ಬಂತು. ಸ್ವಂತ ಮಗಳೆಂದು ಇನ್ನೊಂದು ಸಲ ಎಣಿಸಿದರು. ಆರೇ. ಆ ಆರು ನಾಲಿಗೆಯ ತುದಿಯವರೆಗೂ ಬಂದಿತ್ತು. ಅಷ್ಟರಲ್ಲಿ ದರ್ಜಿಯ ಹೆಂಡತಿಯ ಮುಖ ಕಣ್ಣಿಗೆ ಕಟ್ಟಿತು. ಹೇಗೂ ಇವಳಿಗೆ ಗೊತ್ತಿರುವ ಗುಟ್ಟೇ ತಾನೆ, ಸೇರಿಸಿಕೊಳ್ಳುತ್ತಾಳೆ ಎಂದುಕೊಂಡರು.

“ನಾಲ್ಕು,” ಎಂದರು.

“ಸರಿ ಅಪ್ಪ,” ಎಂದು ಪುಟ್ಟಿ ಅಂಕಪಟ್ಟಿ ಮಡಿಸಿಕೊಂಡು ಹೋದಳು. ಸಾರ್ ಎನ್ನಲಿಲ್ಲ, ಅಪ್ಪ ಎಂದಳು. ಸಾಲು ಇನ್ನೂ ಉದ್ದವಿತ್ತು, ಮೇಷ್ಟ್ರು ಆ ವ್ಯತ್ಯಾಸ ಗಮನಿಸಲಿಲ್ಲ.

ತಿಂಗಳ ಮೇಲೆ ಆಯ್ಕೆಪಟ್ಟಿ ಬಿತ್ತು. ಮೇಷ್ಟ್ರು ಎಂದಿನಂತೆ ನೋಟ್‌ಬುಕ್ ಹಿಡಿದು ಹೋದರು. ಕಟ್ಟಕಡೆಯ ಸೀಟು ಐನೂರ ಅರವತ್ತೊಂಬತ್ತಕ್ಕೆ ಹೋಗಿತ್ತು. ಅಬ್ಬಾ, ಗೆದ್ದಳು ನನ್ನ ಮಗಳು! ಹೆಸರು ಹುಡುಕಿದರು. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕಿದರು. ಇಲ್ಲ. ರಕ್ತ ಕುದಿಯಿತು. ಮೂವತ್ತು ವರ್ಷ ಒಬ್ಬರ ಮೇಲೂ ದನಿ ಎತ್ತದ ಮನುಷ್ಯ ಕಾಲೇಜಿನ ಗುಮಾಸ್ತನ ಮೇಜು ಗುದ್ದಿದರು. ಆತ ತಣ್ಣಗೆ ಹೇಳಿದ: “ಅರ್ಜಿ ಕೊಟ್ಟ ರಸೀದಿ ತನ್ನಿ ಸ್ವಾಮಿ, ಆಮೇಲೆ ಕೂಗಾಡಿ.”

ಮನೆಯ ಹೊಸ್ತಿಲಿನಿಂದಲೇ ಶುರುವಿಟ್ಟರು. “ಪುಟ್ಟೀ, ರಸೀದಿ ಕೊಡು! ಅರವತ್ತೊಂಬತ್ತು ಬಂದೋರಿಗೆ ಕೊಟ್ಟಿದ್ದಾರೆ, ನಿನಗಿಲ್ವಂತೆ! ಇವತ್ತು ಅವರ ಗ್ರಹಚಾರ ಬಿಡಿಸ್ತೀನಿ.”

ಪುಟ್ಟಿ ಕಲ್ಲೊಂದನ್ನು ಒರೆಸುತ್ತಾ ಕೂತಿದ್ದಳು. “ಅರವತ್ತೊಂಬತ್ತಾ?” ಎಂದಳು. ಕೈಯಲ್ಲಿದ್ದ ಬಟ್ಟೆ ನಿಂತಿತು. “ರಸೀದಿ ಇಲ್ಲ ಅಪ್ಪ. ನಾನು ಅರ್ಜಿನೇ ಹಾಕಲಿಲ್ಲ. ಅಂಕಪಟ್ಟಿನ ಬೀದಿ ಕೊನೆ ಕಾಲೇಜಿಗೆ ಕೊಟ್ಬಿಟ್ಟೆ. ನಾಲ್ಕು ಅಂದ್ರಲ್ಲ ನೀವು.”

“ನಿಮಗೆ ಬೇಜಾರಾಗುತ್ತೆ, ಹೇಳ್ಬೇಡ ಅಂದಿದ್ಲು ರೀ,” ಎಂದರು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿ.

“ಅಯ್ಯೋ, ನಾಲ್ಕು ಅಂದ್ರೆ ಆರು ಅಂತ ಊರಿಗೆಲ್ಲ ಗೊತ್ತು! ನಿಂಗೊತ್ತಿರ್ಲಿಲ್ವೇನೇ?”

“ಗೊತ್ತಿತ್ತು. ಅದು ಊರೋರಿಗೆ ಅಂದ್ಕೊಂಡಿದ್ದೆ.” ಪುಟ್ಟಿ ಕಲ್ಲನ್ನು ಕೆಳಗಿಟ್ಟಳು. “ನಂಗೂ ಕಳೆದ್ರಾ ಅಪ್ಪ?”

ಮೇಷ್ಟ್ರು ಚಪ್ಪಲಿ ಬಿಡುವುದನ್ನೂ ಮರೆತು ಕುರ್ಚಿಯಲ್ಲಿ ಕುಸಿದರು. ಹೆಂಡತಿ ನೀರು ತಂದುಕೊಟ್ಟರು, ಕುಡಿಯಲಾಗಲಿಲ್ಲ. ಮಗಳೆದುರು ಮಗುವಿನ ಹಾಗೆ ಅತ್ತರು. ಒಬ್ಬ ತಾಯಿಯ ಒಂದು ಮಾತಿಗೆ ಹೆದರಿ, ಸ್ವಂತ ಮಗಳ ದಾರಿಗೆ ತಾವೇ ಅಡ್ಡ ಮಲಗಿದ್ದರು. ಪುಟ್ಟಿಯೇ ಹತ್ತಿರ ಬಂದು, “ಹೋಗ್ಲಿ ಬಿಡಿ ಅಪ್ಪ,” ಎಂದಳು. ಹೇಳಿದಷ್ಟು ಸುಲಭಕ್ಕೆ ಅದೇನು ಹೋಗುವಂಥದ್ದೇ? ಮರುದಿನ ಬೆಳಿಗ್ಗೆ ಕಿಟಕಿ ಕಟ್ಟೆ ಖಾಲಿಯಿತ್ತು. ಕಲ್ಲುಗಳೆಲ್ಲ ಅಂಗಳದ ಹೂಕುಂಡಗಳಲ್ಲಿದ್ದವು. ಚೀಟಿಗಳನ್ನು ಕಿತ್ತಿದ್ದಳು.

ಕಾಲೇಜು ಶುರುವಾದ ದಿನ ಮೇಷ್ಟ್ರು ಬೀದಿ ಕೊನೆಯವರೆಗೂ ಜೊತೆಗೆ ನಡೆದರು. ಗೇಟಿನ ಮುಂದೆ ಪುಟ್ಟಿ ನಿಂತಳು. ಅಪ್ಪನನ್ನು ನಗಿಸಲೆಂದೋ ಏನೋ, ಹಳೇ ಮಾತನ್ನೇ ತೆಗೆದಳು. “ನಂಗೆ ಈ ವಾಣಿಜ್ಯ ಒಗ್ಗುತ್ತಾ ಅಪ್ಪ? ಹತ್ತಕ್ಕೆ ಎಷ್ಟು?”

“ಹತ್ತು ಪುಟ್ಟಿ,” ಎಂದರು ಮೇಷ್ಟ್ರು. “ಹತ್ತಕ್ಕೆ ಹತ್ತು.”

ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. ಪುಟ್ಟಿ ಅವರ ಮುಖವನ್ನೇ ನೋಡಿದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕೆಂದೇ ಕೇಳಿದಳು:

“ಇದರಲ್ಲಿ ನೀವು ಸೇರಿಸಿದ್ದು ಎಷ್ಟು ಅಪ್ಪ?”