ಸಂಪಿನ ಇಪ್ಪತ್ತೆರಡು ಬೋಲ್ಟ್‌ಗಳು

ಜನವರಿ 12, ಭಾನುವಾರ, ಬೆಳಿಗ್ಗೆ 6.40.

ಪಕ್ಕದ ಮನೆಯ ದೊಡ್ಡಪ್ಪನ ಶೆಡ್ಡನ್ನು ನಿನ್ನೆ ಅವರ ಮಗಳು ಖಾಲಿ ಮಾಡಿದರು. ನನಗೆಂದು ಕಾರ್ಕ್ ಹಾಳೆಯ ಒಂದು ಸುರುಳಿ ಎತ್ತಿಟ್ಟಿದ್ದರು. ಇನ್ನೂ ಜೀವ ಇದೆಯೇ ನೋಡೋಣ ಎಂದು ಇವತ್ತು ಒಂದು ಪಟ್ಟಿ ಕತ್ತರಿಸಿ ಬಿಸಿನೀರಿಗೆ ಹಾಕಿದೆ. ಐದು ನಿಮಿಷಕ್ಕೆ ವಾಸನೆ ಎದ್ದಿತು. ನೆನೆದ ತೊಗಟೆಯ ವಾಸನೆ, ಅದರ ಹಿಂದೆಯೇ ಹಳೆಯ ಆಯಿಲ್... ಹಳೆಯ ದಿನಚರಿ ತೆರೆದು ಕುಳಿತೆ.

ದೊಡ್ಡಪ್ಪ ನಮಗೆ ರಕ್ತಸಂಬಂಧಿಯಲ್ಲ. ಎರಡೂ ಮನೆಯವರು ಸಿರುಮುಗೈಯ ನೇಕಾರರು, ಮಗ್ಗ ಬಿಟ್ಟು ಕೊಯಮತ್ತೂರಿನ ಕುರಿಚಿಗೆ ಬಂದವರು. ಮನೆಯೊಳಗೆ ಕನ್ನಡ ಆಡುವವರು ನಮ್ಮ ಬೀದಿಯಲ್ಲಿ ಈ ಎರಡು ಮನೆಯವರೇ ಆದ್ದರಿಂದ ಅವರು ದೊಡ್ಡಪ್ಪನಾದರು. ಹಳೆಯ ಕಾಲದ ಕಾರುಗಳ ಎಂಜಿನ್ ರಿಪೇರಿ ಅವರ ಕೆಲಸ. ನಾನು ಆಗ ಡಿಪ್ಲೊಮಾ ಮುಗಿಸಿ ಪಂಪ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಅಳತೆ ಪರೀಕ್ಷಿಸುವ ಕೆಲಸಕ್ಕೆ ಸೇರಿದ್ದೆ. ರಜೆಯ ದಿನ ಅವರ ಶೆಡ್ಡಿಗೆ ಹೋಗುತ್ತಿದ್ದೆ. ದಿನಚರಿಯ ಪ್ರಕಾರ ಮೂವತ್ತೊಂದು ಭಾನುವಾರ, ಒಂಬತ್ತು ಸಂಪ್.

ಸಂಪ್ ಎಂದರೆ ಎಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ತಗಡಿನ ತೊಟ್ಟಿ. ಅದಕ್ಕೂ ಎಂಜಿನ್ನಿಗೂ ನಡುವೆ ಕೂರುವ ಗ್ಯಾಸ್ಕೆಟ್ ಸರಿಯಿಲ್ಲದಿದ್ದರೆ ಆಯಿಲ್ಲೆಲ್ಲ ರಸ್ತೆಗೆ. ಹಳೆಯ ತಗಡಿನ ಅಂಚು ಡೊಂಕಾಗಿರುತ್ತದೆ, ಕಾಗದದ ಗ್ಯಾಸ್ಕೆಟ್ ಡೊಂಕನ್ನು ಸಹಿಸುವುದಿಲ್ಲ, ಕಾರ್ಕ್ ಸಹಿಸುತ್ತದೆ ಎಂದು ಅವರು ಹೇಳುತ್ತಿದ್ದರು. ಕಾರ್ಕನ್ನು ಹೆಬ್ಬೆರಳಿಗೆ ಸುತ್ತಿ ನೋಡುವರು. ಬಿರಿದರೆ ಬೇಡ. ಸಂಪಿನ ಅಂಚನ್ನು ಹಲಗೆಯ ಮೇಲಿಟ್ಟು ಸುತ್ತಿಗೆಯಿಂದ ತಟ್ಟಿ ಹಳೆಯ ತಗ್ಗುಗಳನ್ನೆಲ್ಲ ಸಮ ಮಾಡುವರು. ಸಂಪಿನ ಎರಡು ತುದಿಗಳಲ್ಲಿರುವ ಅರ್ಧಚಂದ್ರಾಕಾರದ ತೋಡುಗಳಿಗೆ ಸಿರುಮುಗೈಯ ಮಗ್ಗದಿಂದ ಬಂದ ರೇಷ್ಮೆಯ ತುಂಡುನೂಲನ್ನು ಹೊಸೆದು, ಆಯಿಲ್ಲಿನಲ್ಲಿ ಅದ್ದಿ ಕೂರಿಸುವರು. ಬೇರೆ ಯಾವ ಮೆಕ್ಯಾನಿಕ್ಕೂ ಹಾಗೆ ಮಾಡಿದ್ದನ್ನು ನಾನು ಕಂಡಿಲ್ಲ.

ಅವರ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಮುಂದೂಡುತ್ತಲೇ ಇದ್ದರು. ಬೀದಿಯವರಿಗೆಲ್ಲ ಅದು ಗೊತ್ತಿತ್ತು. ಅವರು ಬೆರಳಿನಿಂದ ನೋಡುತ್ತಿದ್ದರು ಎಂಬುದು ನನಗೆ ಗೊತ್ತಿತ್ತು.

ಕಿಣತ್ತುಕಡವಿನ ತೆಂಗಿನ ತೋಟದವರೊಬ್ಬರ ಕಡುಹಸಿರು ಕಾರು ಬಂದದ್ದು ಮೂವತ್ತೊಂದನೆಯ ಭಾನುವಾರ. ಕಾರ್ಕ್ ಕೂರಿಸಿ, ಇಪ್ಪತ್ತೆರಡು ಬೋಲ್ಟ್‌ಗಳನ್ನು ಬೆರಳಿನಲ್ಲಿ ತಿರುಗಿಸಿ ಮುಗಿಸುವಷ್ಟರಲ್ಲಿ ಸಿರುಮುಗೈಯಿಂದ ಫೋನ್ ಬಂತು. ದೊಡ್ಡಪ್ಪನ ತಂಗಿಯ ಗಂಡ ತೀರಿಹೋಗಿದ್ದರು. ಕಾರಿನವರು ಮಧ್ಯಾಹ್ನ ಮೂರಕ್ಕೆ ಬರುವವರಿದ್ದರು.

"ನೀನೇ ಬಿಗಿ ಅಮ್ಮಿಣಿ," ಎಂದರು. ಹುಡುಗಿಯರನ್ನು ಕೊಯಮತ್ತೂರಿನ ಹಿರಿಯರು ಕರೆಯುವುದೇ ಹಾಗೆ. "ನಡುವಿಂದ ಎರಡು ಕಡೆಗೂ ಹೋಗು. ಕಾರ್ಕು ಉಗುರಷ್ಟು ಹೊರಗೆ ಉಬ್ಬಿದ್ರೆ ನಿಲ್ಸು. ಅಷ್ಟೇ ಸಾಕು, ಪೋದುಂ."

ನನ್ನ ಚೀಲದಲ್ಲಿ, ಬಿಗಿತವನ್ನು ಅಂಕೆಯಲ್ಲಿ ತೋರಿಸುವ ಮುಳ್ಳಿರುವ ಟಾರ್ಕ್ ಸ್ಪಾನರ್ ಕಂಡು ನಕ್ಕರು. "ಇದೇನು, ಸ್ಪಾನರ್‌ಗೆ ಗಡಿಯಾರ ಕಟ್ಟಿದ್ದೀಯ? ಕಾರ್ಕ್‌ಗೆ ಟೈಮ್ ನೋಡಕ್ಕೆ ಬರಲ್ಲ."

ಉಗುರಷ್ಟು ಎಂದರೆ ಯಾರ ಉಗುರು? ನನಗೆ ಒಂದು ಅಂಕೆ ಬೇಕಿತ್ತು. ಅದೇ ಗಾತ್ರದ ಬೋಲ್ಟ್‌ಗೆ ನಮ್ಮ ಪಂಪಿನ ಪಟ್ಟಿಯಲ್ಲಿ ಅಂಕೆ ಇತ್ತು. ಪಂಪಿನದು ಎರಕದ ಕಬ್ಬಿಣದ ಮುಚ್ಚಳ, ಇದು ತಗಡು ಮತ್ತು ಕಾರ್ಕ್ ಎಂದು ನಾನು ಯೋಚಿಸಲಿಲ್ಲ. ಇಪ್ಪತ್ತೆರಡರಲ್ಲೂ ಮುಳ್ಳು ಅದೇ ಅಂಕೆಗೆ ಬರುವವರೆಗೆ ಬಿಗಿದೆ. ಹತ್ತು ನಿಮಿಷ ಎಂಜಿನ್ ಓಡಿಸಿದೆ. ಒಂದು ಹನಿಯೂ ಬೀಳಲಿಲ್ಲ. ದಿನಚರಿಯಲ್ಲಿ ಬರೆದೆ: "22/22. ಸೋರಿಕೆ ಇಲ್ಲ."

ಮಂಗಳವಾರ ಸಂಜೆ ನಾನು ಕೆಲಸದಿಂದ ಬಂದಾಗ ಕಾರನ್ನು ಲಾರಿಗೆ ಕಟ್ಟಿ ಎಳೆತಂದಿದ್ದರು. ಪೊಳ್ಳಾಚಿ ರಸ್ತೆಯಲ್ಲಿ ಆಯಿಲ್ ಪೂರ್ತಿ ಸೋರಿ ಎಂಜಿನ್ ತಿರುಗದೆ ಹಿಡಿದುಕೊಂಡಿತ್ತು. ದೊಡ್ಡಪ್ಪ ಸಂಪ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡಿದ್ದರು. ಹಿಂಬದಿಯ ಎರಡು ತೂತುಗಳ ಹತ್ತಿರ ಕಾರ್ಕ್ ಹಿಂಡಿಕೊಂಡು ಸೀಳಿಹೋಗಿತ್ತು. ಅವರ ಹೆಬ್ಬೆರಳು ಅಂಚಿನುದ್ದಕ್ಕೂ ನಿಧಾನವಾಗಿ ಹರಿಯಿತು.

ಕಾರಿನವರೂ ನಮ್ಮ ಭಾಷೆಯವರೇ. ದನಿ ಏರಿಸಲಿಲ್ಲ. "ಕಣ್ಣಲ್ಲಿ ಪಾರ್ವೆ ಇಲ್ಲ ಅಂತ ಮುನ್ನಾಡಿಯೇ ಹೇಳಿರಬೋದಿತ್ತಲ್ಲಂಗ. ನಮ್ಮಪ್ಪನ ಕಾರಿದು. ಈ ಹುಡುಗಿ ಹತ್ರ ಆದ್ರೂ ಒಂದ್ಸಲ ನೋಡು ಅನ್ನಬಾರದಿತ್ತಾ?"

ನಾನು ಬಾಗಿಲಲ್ಲಿ ನಿಂತಿದ್ದೆ. ಸ್ಪಾನರಿದ್ದ ಚೀಲ ಹೆಗಲಲ್ಲೇ ಇತ್ತು.

"ಕೈ ತಪ್ಪೋಯ್ತುಂಗ," ಎಂದರು ದೊಡ್ಡಪ್ಪ. "ಮನ್ನಿಸ್ಬೇಕು."

ಕಾರಿನವರು ಹೋದ ಮೇಲೆ ದೊಡ್ಡಪ್ಪ ಸಂಪನ್ನು ನನ್ನ ಕಡೆ ತಿರುಗಿಸಿದರು. ಸಮ ಮಾಡಿದ್ದ ತಗಡಿನಲ್ಲಿ ವಾಷರ್‌ಗಳು ಒತ್ತಿದ ಹೊಸ ತಗ್ಗುಗಳು. "ಇಪ್ಪತ್ತೆರಡೂ ಒಂದೇ ಆಳ ಅಮ್ಮಿಣಿ," ಎಂದರು. "ನನ್ನ ಕೈಗೆ ಅಷ್ಟು ಒಪ್ಪ ಬರಲ್ಲ." ಎದ್ದು ಕೈ ತೊಳೆಯಲು ಹೋದರು.

ಕುರುಡನ ಕೈಗೆ ಎಂಜಿನ್ ಕೊಟ್ಟು ಕೆಟ್ಟರು ಎಂಬ ಮಾತು ಕುರಿಚಿ ದಾಟಿಯೂ ಹೋಯಿತು. ಆಮೇಲೆ ಒಂದು ಹಳೆಯ ಕಾರೂ ಆ ಶೆಡ್ಡಿಗೆ ಬರಲಿಲ್ಲ. ಅವರು ಹದಿನಾಲ್ಕು ತಿಂಗಳು ಬದುಕಿದ್ದರು. ಅಷ್ಟರಲ್ಲಿ ಹನ್ನೊಂದು ಸಲ ಅವರ ಎದುರು ಕುಳಿತಿದ್ದೇನೆ. ಒಮ್ಮೆ ಮಾತ್ರ, "ದೊಡ್ಡಪ್ಪ, ಆ ಹಸಿರು ಕಾರು..." ಎಂದೆ. "ಕಾಪಿ ಕುಡಿ, ಆರೋಗುತ್ತೆ," ಎಂದರು.

ಶೆಡ್ಡಿನ ಬಾಗಿಲಿಗೆ ಈಗ ಬೇರೆಯವರ ಬೀಗ ಬಿದ್ದಿದೆ. ಹೋದ ತಿಂಗಳು ಕಿಣತ್ತುಕಡವಿಗೆ ಹೋಗಿ ವಿಚಾರಿಸಿದೆ. ತೋಟ ಮಾರಿ ಆ ಮನೆಯವರು ಊರು ಬಿಟ್ಟಿದ್ದಾರೆ. ಕಾರು ಎಲ್ಲಿದೆ ಎಂದು ಯಾರಿಗೂ ತಿಳಿಯದು. ಅದಕ್ಕೇ ಇದನ್ನು ಪತ್ರಿಕೆಗೆ ಕಳುಹಿಸುತ್ತಿದ್ದೇನೆ. ತಂದೆಯಿಂದ ಬಂದ ಕಡುಹಸಿರು ಕಾರಿನ ಎಂಜಿನ್ ಪೊಳ್ಳಾಚಿ ರಸ್ತೆಯಲ್ಲಿ ಕೆಟ್ಟ ಕಥೆಯನ್ನು ಯಾರ ಬಾಯಿಂದಾದರೂ ಕೇಳಿದ್ದರೆ, ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ. ಆ ಕಾರಿನವರಿಗೆ ಕನ್ನಡ ಓದಲು ಬರುತ್ತದೆಯೋ ಇಲ್ಲವೋ, ಹತ್ತಿರದಲ್ಲಿರುವವರು ಇಷ್ಟನ್ನು ಓದಿ ಹೇಳಿದರೂ ಸಾಕು: ದೊಡ್ಡಪ್ಪನ ಕೈ ತಪ್ಪಲಿಲ್ಲ. ಆ ಬೋಲ್ಟ್‌ಗಳನ್ನು ಬಿಗಿದವಳು ಬಾಗಿಲಲ್ಲಿ ನಿಂತಿದ್ದ ಹುಡುಗಿ.