ಯಾರದೋ ನಿದ್ದೆ

ಖಿನ್ನತೆಗೂ ನಿದ್ದೆಗೂ ಇರುವ ನಂಟಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಆ ಡಾಕ್ಟರಮ್ಮ ಯಾರನ್ನೂ ಹೇಗಿದ್ದೀರಿ ಎಂದು ಕೇಳುತ್ತಿರಲಿಲ್ಲ. ಕನ್ನಡಕ ತೆಗೆದು, "ಎಷ್ಟೊತ್ತಿಗೆ ಎಚ್ಚರ ಆಯ್ತು?" ಎನ್ನುತ್ತಿದ್ದರು. ನಾನು ಅವರ ಸಹಾಯಕಿ. ಖಿನ್ನತೆಯ ಮಾತ್ರೆ ನುಂಗುವವರ ಮಣಿಕಟ್ಟಿಗೆ, ನಿದ್ದೆ ದಾಖಲಿಸುವ ಗಡಿಯಾರ ಕಟ್ಟುವುದು ನನ್ನ ಕೆಲಸ.

ಶಿಡ್ಲಘಟ್ಟದ ಬಳಿ ರೇಷ್ಮೆಹುಳು ಸಾಕುವ ಮನೆಯ ಸೊಸೆಯ ಗ್ರಾಫನ್ನು ಖುಷಿಯಿಂದ ತೋರಿಸಿದೆ. ವಾರವಿಡೀ ಗಾಢ ನಿದ್ದೆ. ಅವರು ಬಹಳ ಹೊತ್ತು ನೋಡಿದರು.

"ಹುಳಕ್ಕೆ ಹಗಲೂ ರಾತ್ರಿ ಸೊಪ್ಪು ಹಾಕೋ ವಾರ ಇದು. ಈ ನಿದ್ದೆ ಅವಳದ್ದಲ್ಲ ಕಣಮ್ಮ. ನಡಿ."

ಅವರ ಮನೆಗೆ ಹೋಗಿ ನೋಡಿದರೆ, ಗಡಿಯಾರ ಮುದಿ ಅತ್ತೆಯ ಕೈಯಲ್ಲಿತ್ತು. "ಸೊಪ್ಪು ಹಾಕೋ ಕೈಗೆ ಈ ಪಟ್ಟಿಯ ರಬ್ಬರ್ ವಾಸನೆ ಅಂಟಬಾರದಮ್ಮ, ಹುಳ ಸಾಯ್ತವೆ. ಅದಕ್ಕೇ ನಾನು ಕಟ್ಕೊಂಡೆ. ಅವಳಾ? ಸೊಪ್ಪಿಗೆ ಹೋದ್ಳು."

ತೋಟದ ಬಾವಿಯಂಚಿನಲ್ಲಿ ಅವಳು ನೀರು ನೋಡುತ್ತ ನಿಂತಿದ್ದಳು. ಕಾಲ್ಬೆರಳುಗಳು ಅಂಚಿನಾಚೆ ಚಾಚಿದ್ದವು. ಇಂದಿಗೂ ಕಣ್ಣು ಮುಚ್ಚಿದರೆ ನನಗೆ ಆ ಬೆರಳುಗಳೇ ಕಾಣುತ್ತವೆ. ಕೂಗಲು ಹೋದ ನನ್ನ ಬಾಯಿಗೆ ಡಾಕ್ಟರಮ್ಮ ಕೈ ಅಡ್ಡ ಇಟ್ಟರು. ಆಮೇಲೆ ಚಪ್ಪಲಿ ಬಿಟ್ಟು ಮೆಲ್ಲಗೆ ಅವಳತ್ತ ನಡೆದರು.

"ಬೆಳಗಾಯ್ತಾ?" ಅವಳು ತಿರುಗದೆಯೇ ಕೇಳಿದಳು.

ನಡುಮಧ್ಯಾಹ್ನದ ಬಿಸಿಲು ನಮ್ಮ ನೆತ್ತಿ ಸುಡುತ್ತಿತ್ತು.

"ಈಗ ಆಗ್ತಿದೆ, ಬಾರಮ್ಮ," ಎಂದು ಅವರು ಅವಳ ಕೈ ಹಿಡಿದುಕೊಂಡರು.