ಪಾಠಕೋರಾ ಹಾಳೆ

ನಮ್ಮ ಕಾಲೊನಿಯ ಝೆರಾಕ್ಸ್ ಅಂಗಡಿಯವನಿಗೆ ನನ್ನ ಎತ್ತರ, ಬಣ್ಣ, ನಕ್ಷತ್ರ ಎಲ್ಲವೂ ಬಾಯಿಪಾಠವಾಗಿದ್ದವು. ಎರಡು ವರ್ಷದಿಂದ ಅವನೇ ನನ್ನ ಮದುವೆಯ ಬಯೋಡೇಟಾ ಛಾಪಿಸುತ್ತಿದ್ದ. ಇಲ್ಲಿ ನಾಸಿಕ್ ಕಡೆಯ ಮನೆತನಗಳಿಗೆ ಮರಾಠಿಯದು, ಅತ್ತ ಕಲಬುರಗಿಯ ಬಳಗಕ್ಕೆ ಕನ್ನಡದ್ದು. ಎರಡರಲ್ಲೂ ಕೊನೆಗೆ ‘ಅಪೇಕ್ಷೆ’ ಎಂಬ ಸಾಲು. ಅದರ ಮುಂದೆ ‘ಸುಸಂಸ್ಕೃತ, ನಿರ್ವ್ಯಸನಿ, ನೌಕರಿ ಇರುವ ವರ’ ಎಂದಿತ್ತು. ಅಪೇಕ್ಷೆ ನನ್ನದು, ಬರೆದವರು ಅಪ್ಪ.

ಅಪ್ಪ ಸಾತಪುರದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್. ಕಾಗದದ ವಿಷಯದಲ್ಲಿ ಅವರಷ್ಟು ಜಿಪುಣರನ್ನು ನಾನು ನೋಡಿಲ್ಲ. ಒಂದು ಬದಿ ಬರೆದು ಇನ್ನೊಂದು ಬದಿ ಖಾಲಿ ಇರುವ ಹಾಳೆಗೆ ಮರಾಠಿಯಲ್ಲಿ ಪಾಠಕೋರಾ ಅನ್ನುತ್ತಾರೆ, ಬೆನ್ನು ಖಾಲಿ ಇರುವಂಥದ್ದು. ಅಂಥ ಹಾಳೆಗಳ ಕಟ್ಟು ನಮ್ಮ ಮನೆಯ ಟೀವಿ ಕೆಳಗೆ ಸದಾ ಇರುತ್ತಿತ್ತು. ನನ್ನ ಬಿಎಸ್ಸಿ, ಬಿಎಡ್ ಎರಡರ ಟಿಪ್ಪಣಿಗಳನ್ನೂ ನಾನು ಕಾರ್ಖಾನೆಯ ಹಳೆಯ ಚಲನ್‌ಗಳ ಬೆನ್ನಿನ ಮೇಲೆಯೇ ಬರೆದವಳು.

ಸಂಭಾಜಿನಗರದಲ್ಲಿ ನಮ್ಮ ಸಮಾಜದವರ ವಧು-ವರ ಮೇಳಾವಾ, ಅಂದರೆ ಸಮಾವೇಶ, ಇದೆ ಎಂದು ಗೊತ್ತಾದ ವಾರವೇ ಅಪ್ಪ ಪ್ರಿಂಟರ್ ಕೊಳ್ಳುವ ನಿರ್ಧಾರಕ್ಕೆ ಬಂದರು. ಅದೇ ವಾರ ಸಂಭಾಜಿನಗರದ ಒಂದು ಶಾಲೆಯಿಂದ ನನಗೆ ವಿಜ್ಞಾನ ಶಿಕ್ಷಕಿಯಾಗಿ ನೇಮಕದ ಪತ್ರ ಮೇಲ್‌ನಲ್ಲಿ ಬಂದಿತ್ತು. ಮುಂದಿನ ತಿಂಗಳ ಮೊದಲ ಸೋಮವಾರ, ಸಹಿ ಮಾಡಿದ ಪ್ರತಿಯೊಂದಿಗೆ ಹಾಜರಾಗಬೇಕು. ಇಲ್ಲವಾದರೆ ಆ ಜಾಗ ಬೇರೆಯವರಿಗೆ. ನಾನು ಊಟದ ಹೊತ್ತಿಗೆ ವಿಷಯ ಎತ್ತಿದೆ.

“ಮೊದಲ ಲಗ್ನ ಆಗ್ಲಿ. ಆಮ್ಯಾಲ ಅವರ ಮನ್ಯಾಗ ಹೂಂ ಅಂದ್ರ ನೌಕ್ರಿ ಮಾಡು, ಯಾರು ಬ್ಯಾಡ ಅಂತಾರ?” ಅಂದರು ಅಪ್ಪ. ಅವ್ವ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ನಮ್ಮ ಮನೆಯಲ್ಲಿ ಮಾತು ಮುಗಿಯಿತು ಎನ್ನುವುದಕ್ಕೆ ಅದೇ ಗುರುತು. ನಾನು ಆ ರೊಟ್ಟಿ ತಿಂದೆ.

ಪ್ರಿಂಟರ್ ಮಾತ್ರ ನಾನೇ ಆರಿಸಬೇಕಿತ್ತು. “ಮಷೀನಿನ ವಿಷಯ ನಿಂಗ ತಿಳೀತದ, ನೀ ಅಂದದ್ದ ತಗೋಳೂಣು” ಎಂದು ಅಪ್ಪ ನನ್ನನ್ನು ಸ್ಕೂಟರ್ ಮೇಲೆ ಕೂರಿಸಿಕೊಂಡು ಅಂಗಡಿಗೆ ಹೋದರು. ಅಲ್ಲಿ ಮೂರು ಬಗೆಯವು ಇದ್ದವು. ಕಾರ್ಟ್ರಿಜ್ಜಿನದು ಕೊಳ್ಳುವಾಗ ಅಗ್ಗ, ಆದರೆ ಎರಡು ಸಲ ಕಾರ್ಟ್ರಿಜ್ ಬದಲಿಸುವಷ್ಟರಲ್ಲಿ ಇನ್ನೊಂದು ಮಷೀನಿನ ದುಡ್ಡು ಹೋಗುತ್ತದೆ. ಲೇಸರ್ ಬರೀ ಕಪ್ಪು ಅಕ್ಷರ ಕೊಡುತ್ತದೆ. ತಿಂಗಳುಗಟ್ಟಲೆ ಮುಟ್ಟದಿದ್ದರೂ ಅದರ ಟೋನರ್ ಪುಡಿ ಒಣಗುವ ಭಯವಿಲ್ಲ. ಮೂರನೆಯದು ಇಂಕ್ ಟ್ಯಾಂಕಿನದು: ಬಾಟಲಿಯಿಂದ ಬಣ್ಣ ಸುರಿಯುವುದು, ಒಂದು ಪಾನಿಗೆ, ಅಂದರೆ ಪುಟಕ್ಕೆ, ಪೈಸೆಗಳ ಲೆಕ್ಕದ ಖರ್ಚು.

ಅಂಗಡಿಯವನು ಕೇಳಿದ, ತಿಂಗಳಿಗೆ ಎಷ್ಟು ಪಾನು ತೆಗೆಯುತ್ತೀರಿ?

“ದೋನಶೆ,” ಅಂದರು ಅಪ್ಪ. ಇನ್ನೂರು!

ಯೋಚಿಸಲೂ ಇಲ್ಲ, ಮೊದಲೇ ಲೆಕ್ಕ ಹಾಕಿಕೊಂಡು ಬಂದಿದ್ದರು. ತಿಂಗಳಿಗೆ ಇನ್ನೂರು ಮನೆಗಳಿಗೆ ನನ್ನ ಮುಖ. ನಾನು ಲೇಸರ್ ಪರವಾಗಿ ವಕಾಲತ್ತು ಶುರು ಮಾಡಿದೆ. ಬಾಳಿಕೆ, ವೇಗ, ಸರ್ವಿಸ್ ಎಂದೆಲ್ಲ ಹೇಳಿದೆ. ನಿಜವಾದ ಕಾರಣ ಒಂದೇ ಇತ್ತು: ಅದು ಸುಮ್ಮನೆ ಬಿದ್ದಿದ್ದರೂ ಕೆಡುವುದಿಲ್ಲ.

“ಬಣ್ಣ ಇಲ್ಲಂದ್ರ ಫೋಟೋದಾಗ ಹುಡುಗಿ ಗೋಧಿ ಬಣ್ಣದಾಕಿ ಅಂತ ಹ್ಯಾಂಗ ತಿಳೀಬೇಕು?” ಅಪ್ಪ ನಿಜಕ್ಕೂ ಚಿಂತೆಯಿಂದ ಕೇಳಿದರು. ನೀ ಅಂದದ್ದೇ ತಗೊಳ್ಳುವುದು ಅಲ್ಲಿಗೆ ಮುಗಿಯಿತು.

ಇಂಕ್ ಟ್ಯಾಂಕಿನದನ್ನು ಕಟ್ಟಿಕೊಡುತ್ತ ಅಂಗಡಿಯವನು ಎಚ್ಚರಿಸಿದ: ವಾರಕ್ಕೆ ಒಂದಾದರೂ ಪಾನು ತೆಗೆಯಿರಿ, ಇಲ್ಲವಾದರೆ ಒಳಗೆ ಬಣ್ಣ ಒಣಗಿ ಕಟ್ಟಿಕೊಳ್ಳುತ್ತದೆ. ಅಪ್ಪ ಅದರ ಚಿಂತೆ ಬೇಡ ಎಂದರು. ವಾರಂಟಿ ಎಷ್ಟು, ಕೆಟ್ಟರೆ ಯಾರು ಬರುತ್ತಾರೆ, ಐದು ವರ್ಷಕ್ಕೆ ಒಟ್ಟು ಖರ್ಚೆಷ್ಟು ಎಂದು ಒಂದು ತಾಸು ವಿಚಾರಿಸಿದರು. ಹಿಂದಿನ ತಿಂಗಳು ನನ್ನನ್ನು ನೋಡಲು ಬಂದಿದ್ದ ಚಾಂದವಡದ ಹುಡುಗನ ಬಗ್ಗೆ ಅವರು ವಿಚಾರಿಸಿದ್ದು ಹತ್ತು ನಿಮಿಷವಿರಬಹುದು.

ಮನೆಯಲ್ಲಿ ಮಷೀನು ಕೂರಿಸಿ ಬಣ್ಣ ತುಂಬಿಸಿದೆ. ಪರೀಕ್ಷೆಗೆ ಏನಾದರೂ ಕಳಿಸು ಎಂದರು ಅಪ್ಪ. ನಾನು ಫೋನಿನಲ್ಲಿದ್ದ ನೇಮಕದ ಪತ್ರವನ್ನೇ ಕಳಿಸಿದೆ. ಬೇಕೆಂದೇ ಕಳಿಸಿದೆ, ಮಾತಿನಲ್ಲಿ ಹೇಳಿದ್ದನ್ನು ಕಾಗದದ ಮೇಲೆ ನೋಡಲಿ ಎಂದು. ಶಾಲೆಯ ನೀಲಿ ಲಾಂಛನ, ನನ್ನ ಹೆಸರು, ಸೋಮವಾರದ ತಾರೀಖು, ಎಲ್ಲ ಅಚ್ಚುಕಟ್ಟಾಗಿ ಹೊರಬಂತು. ಅಪ್ಪ ಕನ್ನಡಕ ಏರಿಸಿ ಮೇಲಿನಿಂದ ಕೆಳಗಿನವರೆಗೆ ಓದಿದರು. ಕಿಟಕಿಯ ಬೆಳಕಿಗೆ ಹಿಡಿದರು.

“ಬಣ್ಣ ಛೊಲೊ ಬಂದದ,” ಅಂದರು. ಹಾಳೆಯನ್ನು ತಿರುವಿ, ಬೆನ್ನು ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡು, ಮತ್ತೆ ಟ್ರೇಗೆ ಹಾಕಿದರು. “ಹಾಂ, ಈಗ ಬಯೋಡೇಟಾ ಕಳಸು. ಮೊದಲಿಂದು ಪಾಠಕೋರಾದಾಗ ಆಗ್ಲಿ.”

ಗುಂಡಿ ಒತ್ತಿದವಳು ನಾನೇ. ಒತ್ತಬಾರದಿತ್ತು ಎಂದು ಈಗಲೂ ಅನಿಸುತ್ತದೆ.

ಮೇಳಾವಾದ ದಿನ ಬೆಳಗಿನ ಬಸ್ಸಿನಲ್ಲಿ ಬಯೋಡೇಟಾಗಳ ಕಟ್ಟು ನನ್ನ ತೊಡೆಯ ಮೇಲಿತ್ತು. ಯೇವಲಾ ದಾಟಿದ ಮೇಲೆ ಅಪ್ಪನಿಗೆ ನಿದ್ದೆ ಹತ್ತಿತು. ಕಟ್ಟು ಸರಿಪಡಿಸುವಾಗ ಆ ಮೊದಲ ಹಾಳೆ ಕಣ್ಣಿಗೆ ಬಿತ್ತು. ಉಳಿದವುಗಳ ನಡುವೆ ಸೇರಿಕೊಂಡಿತ್ತು, ಮುಂದೆ ನಾನು, ಬೆನ್ನಿಗೆ ಶಾಲೆಯ ಪತ್ರ. ತೆಗೆಯಬಹುದಿತ್ತು. ತೆಗೆಯಲಿಲ್ಲ. ಯಾರಾದರೂ ತಿರುವಿ ನೋಡಲಿ ಎಂಬ ಹುಚ್ಚು ಆಸೆ. ಸಂಭಾಜಿನಗರದಲ್ಲಿ ನಮ್ಮ ರಿಕ್ಷಾ ಆ ಶಾಲೆಯ ಗೇಟಿನ ಮುಂದೆಯೇ ಹಾದುಹೋಯಿತು. ಹಾಲ್‌ನಲ್ಲಿ ನನ್ನ ಸೀರೆಗೆ ಒಂದು ನಂಬರಿನ ಚೀಟಿ ಚುಚ್ಚಿದರು. ಮೈಕಿನ ಮುಂದೆ ನಿಂತು ನಾನು ನನ್ನ ಎತ್ತರವನ್ನು ಹೇಳಿದೆ.

ಸೋಮವಾರಕ್ಕೆ ನಾಲ್ಕು ದಿನ ಇರುವಾಗ ಫೋನ್ ಬಂತು. ಮೇಳಾವಾದಲ್ಲಿ ನಮ್ಮ ಹಾಳೆ ಒಯ್ದಿದ್ದವರು; ಬೀದರದಿಂದ ಬಂದು ಸಂಭಾಜಿನಗರದಲ್ಲೇ ನೆಲೆಸಿದ ಮನೆತನ, ಮಾತಾಡಿದ್ದು ಹುಡುಗನ ತಾಯಿ. ಅಪ್ಪನಿಗೆ ಸ್ಪೀಕರ್ ಹಾಕಿಯೇ ಮಾತಾಡುವ ರೂಢಿ. ಅಡುಗೆಮನೆಯಲ್ಲಿದ್ದ ನನಗೆ ಎಲ್ಲ ಕೇಳುತ್ತಿತ್ತು.

“ಬಯೋಡೇಟಾ ಮನಸಿಗಿ ಬಂತ್ರಿ ಅಣ್ಣಾರ. ಅದರ ಹಿಂದ ಇಲ್ಲಿ ಸಾಲಿದು ಪತ್ರ ಅದಲ್ರಿ. ಹುಡುಗಿ ಇಲ್ಲೇ ನೌಕ್ರಿಗಿ ಬರ್ತಾಳೇನ್ರಿ?”

ನಾನು ನಲ್ಲಿ ನಿಲ್ಲಿಸಿದೆ. ಹೂಂ ಅನ್ನಲಿ, ಆ ಹೆಂಗಸಿನ ಎದುರು ಮರ್ಯಾದೆಗಾದರೂ ಹೂಂ ಅನ್ನಲಿ ಎಂದು ಕಾದೆ.

“ಇಲ್ರಿ ಅಕ್ಕಾರ, ಇಲ್ಲ,” ಅಪ್ಪ ನಕ್ಕರು. “ಅದು ರದ್ದಿ ಕಾಗದರಿ. ಮಷೀನ್ ನೋಡ್ಲಾಕ ತಗದಿದ್ದು, ತಪ್ಪಿ ಬಂದದ.”

ರದ್ದಿ. ಐದು ವರ್ಷ ಓದಿದ್ದು, ಎರಡು ಸಲ ಸಂದರ್ಶನಕ್ಕೆ ಹೋಗಿದ್ದು, ಎಲ್ಲ ತೂಕಕ್ಕೆ ಹಾಕುವ ರದ್ದಿ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕೈ ಒರೆಸಿಕೊಂಡು ಹೊರಕೋಣೆಗೆ ಬಂದೆ. ಪ್ರಿಂಟರ್ ಜೊತೆ ಕೊಂಡಿದ್ದ ಹೊಸ ಕಾಗದದ ಒಂದು ಕಟ್ಟು ಇನ್ನೂ ಒಡೆಯದೆ ಇತ್ತು. ಅದರ ಹೊದಿಕೆಯನ್ನು ಹರಿದೆ. ಟ್ರೇಯಲ್ಲಿದ್ದ ಪಾಠಕೋರಾಗಳನ್ನೆಲ್ಲ ತೆಗೆದು ಒಂದೇ ಒಂದು ಹೊಸ ಹಾಳೆ ಹಾಕಿ, ಪತ್ರ ಛಾಪಿಸಿದೆ. ಅಪ್ಪನ ಜೇಬಿನ ಪೆನ್ನನ್ನೇ ತೆಗೆದುಕೊಂಡು ಕೆಳಗೆ ಸಹಿ ಮಾಡಿದೆ.

ಅಷ್ಟರಲ್ಲಿ ಫೋನ್ ಮುಗಿದಿತ್ತು. “ಹೊಸಾ ಕಟ್ಟು ಯಾಕ ಒಡದಿ? ಇಷ್ಟು ಪಾಠಕೋರಾ ಬಿದ್ದಾವ,” ಅಂದರು ಅಪ್ಪ.

“ಇದರ ಬೆನ್ನಿಗಿ ಏನೂ ಹೊಡೀಬ್ಯಾಡ್ರಿ ಅಪ್ಪಾ. ನಾ ಸೋಮವಾರ ಹೋಗ್ತೀನಿ.”

ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಅಪ್ಪ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಸಹಿ ನೋಡಿದರು. ರೂಢಿಯಂತೆ ತಿರುವಿ ಖಾಲಿ ಬೆನ್ನನ್ನೂ ನೋಡಿದರು. ಈ ಸಲ ಅದನ್ನು ಟ್ರೇಗೆ ಹಾಕಲಿಲ್ಲ.